ದೀಪ ಹತ್ತುವ ಜಾಯ್‌ಸ್ಟಿಕ್ ಅನ್ನು ಎಸೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅವರ ಹತ್ತಿರ, ಕೋಲು ವಾಲಿಸಿ ಆಟ ಆಡುವ ಸಾಧನವಾದ ಒಂದು ಜಾಯ್‌ಸ್ಟಿಕ್ ಇದೆಯಂತೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ದೀಪ ಹತ್ತುತ್ತದೆ. ಆದರೆ ಆಟ ಶುರು ಮಾಡಿದರೆ ವಿಮಾನ ಅಲುಗಾಡುವುದೇ ಇಲ್ಲ. ಏನು ಮಾಡಲಿ ಅಂತ ಕೇಳಿದ್ದರು. ಬಂದ ಉತ್ತರ ಎರಡೇ ಸಾಲು: ಹಳೆಯದು ಕೆಟ್ಟಿರಬಹುದು, ಹೊಸ ಗೇಮ್‌ಪ್ಯಾಡ್ ಕೊಂಡುಕೊಳ್ಳಿ.

ಈ ಉತ್ತರ ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೆಚ್ಚೂಕಡಿಮೆ ಇದೇ ತೊಂದರೆ ನಮ್ಮ ಮನೆಯಲ್ಲೂ ಆಗಿತ್ತು. ನಮಗೂ ಇದೇ ಮಾತು ಹೇಳಿದವರಿದ್ದರು. ಅವರ ಮಾತು ಕೇಳಿದ್ದರೆ, ಸರಿಯಾಗಿಯೇ ಇದ್ದ ಒಂದು ಸಾಧನ ಕಸಕ್ಕೆ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ತಮ್ಮ ಆಟ ಆಡುವುದನ್ನೇ ಬಿಟ್ಟುಬಿಡುತ್ತಿದ್ದ.

ತಮ್ಮನಿಗೆ ಒಂದು ಅಪಘಾತದಲ್ಲಿ ಬಲಗೈ ಸ್ವಾಧೀನ ತಪ್ಪಿತು. ಮೊದಲಿನಿಂದಲೂ ಅವನಿಗೆ ವಿಮಾನ ಹಾರಿಸುವ ಆಟಗಳೆಂದರೆ ಪ್ರಾಣ. ಆ ಆಟಗಳನ್ನು ಕೀಬೋರ್ಡಿನಲ್ಲಿ ಆಡಲು ಎರಡು ಕೈ ಬೇಕು. ಒಂದು ಕೈ ದಿಕ್ಕು ತಿರುಗಿಸುತ್ತಿದ್ದರೆ ಇನ್ನೊಂದು ಕೈ ಎಂಜಿನ್ನಿನ ವೇಗ ನೋಡಿಕೊಳ್ಳಬೇಕು, ರೆಕ್ಕೆಯ ಫ್ಲ್ಯಾಪ್ ಇಳಿಸಬೇಕು, ಚಕ್ರ ಬಿಡಬೇಕು. ಎಡಗೈ ಒಂದರಲ್ಲೇ ಅದೆಲ್ಲ ಆಗುವ ಮಾತಲ್ಲ. ಹಾಗಾಗಿ ನಮಗೆ ಜಾಯ್‌ಸ್ಟಿಕ್ ಬೇಕಾಯಿತು.

ಹುಡುಕಲು ಹೊರಟಾಗ ಮೊದಲು ಗೊತ್ತಾಗಿದ್ದು, ವಿಮಾನದ ಆಟಕ್ಕೆ ಬಳಸುವ ಜಾಯ್‌ಸ್ಟಿಕ್‌ಗಳಲ್ಲಿ ತುಂಬಾ ಮಾದರಿಗಳು ಬಲಗೈಗೆ ಅಂತಲೇ ಅಚ್ಚು ಹಾಕಿದವು. ಹಿಡಿಯಲ್ಲಿ ಹೆಬ್ಬೆರಳಿಗೆ ಒಂದು ಕಡೆ ಮಾತ್ರ ಜಾಗ ಇರುತ್ತದೆ. ಎಡಗೈಯಲ್ಲಿ ಹಿಡಿದರೆ ಆ ಉಬ್ಬು ಅಂಗೈಗೆ ಒತ್ತುತ್ತದೆ. ಎರಡೂ ಕಡೆ ಒಂದೇ ಥರ ಇರುವ ಹಿಡಿಯನ್ನೇ ಹುಡುಕಿ ತಂದೆವು. ಅದರ ಕೋಲನ್ನು ಅದೇ ಜಾಗದಲ್ಲಿ ಎಡಕ್ಕೆ ಬಲಕ್ಕೆ ತಿರುಚಬಹುದು. ಹಾಗೆ ತಿರುಚಿದರೆ ವಿಮಾನದ ಬಾಲದಲ್ಲಿರುವ ರಡ್ಡರ್ ತಿರುಗುತ್ತದೆ. ಕಾಲಿನ ಪೆಡಲ್ ಬೇಡ. ಬುಡದಲ್ಲಿ ವೇಗಕ್ಕೆ ಒಂದು ಸರಿಸುವ ಲಿವರ್ ಇದೆ. ಅಂದರೆ ಕೀಬೋರ್ಡಿನಲ್ಲಿ ಎರಡು ಕೈ ಮಾಡುವ ಕೆಲಸ ಒಂದೇ ಕೈಗೆ ಸಿಗುತ್ತದೆ. ನಿಮ್ಮ ಅಂಕಣದಲ್ಲಿ ಸಲಹೆ ಕೊಟ್ಟ ಗೇಮ್‌ಪ್ಯಾಡನ್ನು ಎರಡು ಕೈಯಲ್ಲಿ ಹಿಡಿಯಬೇಕು. ಪ್ರಶ್ನೆ ಕೇಳಿದವರ ಕೈ ಹೇಗಿದೆ ಅಂತ ಉತ್ತರ ಬರೆದವರಿಗೆ ಗೊತ್ತಿತ್ತಾ?

ತಂದ ದಿನ ಸಿಕ್ಕಿಸಿದೆವು. ದೀಪ ಹತ್ತಿತು. ಆಟದಲ್ಲಿ ಏನೂ ಆಗಲಿಲ್ಲ. ತಮ್ಮ ಕೋಲನ್ನು ಪೂರ್ತಿ ಎಳೆದ, ತಳ್ಳಿದ, ಎಲ್ಲ ಗುಂಡಿ ಒತ್ತಿದ. ವಿಮಾನ ರನ್‌ವೇಯಲ್ಲಿ ನಿಂತೇ ಇತ್ತು. ಅವನು ಮಾತಾಡದೆ ಎದ್ದು ಒಳಗೆ ಹೋದ. ಆ ಮುಖ ನನಗೆ ಈಗಲೂ ನೆನಪಿದೆ.

ನಾನು ಭೌತಶಾಸ್ತ್ರ ಪಾಠ ಮಾಡಿದವಳು. ಪ್ರಯೋಗಶಾಲೆಯಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ದರೆ ಮಕ್ಕಳು ಮೊದಲು ಹೇಳುತ್ತಿದ್ದ ಮಾತು, ಮೀಟರ್ ಕೆಟ್ಟಿದೆ ಮೇಡಂ ಅಂತ. ಮೀಟರ್ ಕೆಟ್ಟಿರುತ್ತಿದ್ದುದು ಅಪರೂಪ. ಬ್ಯಾಟರಿಯಿಂದ ಹೊರಟು ಒಂದೊಂದೇ ತಂತಿ ನೋಡುತ್ತಾ ಬನ್ನಿ, ಎಲ್ಲಿಯವರೆಗೆ ಸರಿ ಇದೆ ಅಂತ ಮೊದಲು ಗೊತ್ತಾಗಲಿ ಅನ್ನುತ್ತಿದ್ದೆ. ಜಾಯ್‌ಸ್ಟಿಕ್ ವಿಷಯದಲ್ಲೂ ಅದನ್ನೇ ಮಾಡಿದೆ.

ದೀಪ ಹತ್ತಿದರೆ ಕರೆಂಟು ತಲುಪಿದೆ ಅಂತ ಅರ್ಥ, ಅಷ್ಟೇ. ಕೋಲಿನ ಚಲನೆ ಕಂಪ್ಯೂಟರಿಗೆ ತಲುಪುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ನೋಡಲು ವಿಂಡೋಸ್‌ನಲ್ಲಿ ಒಂದು ಪುಟ್ಟ ಕಿಟಕಿ ಇದೆ. ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ಜೆ, ಒ, ವೈ, ಒಂದು ಚುಕ್ಕೆ, ಆಮೇಲೆ ಸಿ, ಪಿ, ಎಲ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ತೆರೆಯುತ್ತದೆ. ಅಲ್ಲಿ ಜಾಯ್‌ಸ್ಟಿಕ್ಕಿನ ಹೆಸರು ಕಾಣುತ್ತದೆ. ಅದನ್ನು ಆರಿಸಿ ಪ್ರಾಪರ್ಟೀಸ್ ಒತ್ತಿದರೆ ಒಂದು ಚೌಕ, ಅದರೊಳಗೆ ಒಂದು ಕೂಡು ಗುರುತು. ಕೋಲು ಅಲುಗಿಸಿದರೆ ಆ ಗುರುತು ಓಡಾಡುತ್ತದೆ. ಪಕ್ಕದ ಪಟ್ಟಿಗಳು ತಿರುಚುವಿಕೆ ಮತ್ತು ಲಿವರಿಗೆ ತಕ್ಕಂತೆ ತುಂಬುತ್ತವೆ, ಖಾಲಿಯಾಗುತ್ತವೆ. ಗುಂಡಿ ಒತ್ತಿದರೆ ಅದರ ಸಂಖ್ಯೆಯ ಕೆಂಪು ದೀಪ ಬೆಳಗುತ್ತದೆ. ಲಿನಕ್ಸ್ ಬಳಸುವವರಿಗೆ ಜೆಎಸ್‌ಟೆಸ್ಟ್ ಅನ್ನುವ ತಂತ್ರಾಂಶ ಇದೇ ಕೆಲಸ ಮಾಡುತ್ತದೆ.

ನಮ್ಮ ಜಾಯ್‌ಸ್ಟಿಕ್ಕಿನ ಗುರುತು ಆ ಚೌಕದೊಳಗೆ ಸೊಗಸಾಗಿ ಓಡಾಡಿತು. ಒಂದು ಗುಂಡಿಯೂ ತಪ್ಪಲಿಲ್ಲ. ಹಾಗಾದರೆ ಕೋಲು ಸರಿ, ತಂತಿ ಸರಿ, ವಿಂಡೋಸ್ ಸರಿ. ತೊಂದರೆ ಇರುವುದು ವಿಂಡೋಸ್ ಮತ್ತು ಆಟದ ನಡುವೆ. ನಿಮ್ಮ ಅಂಕಣದ ಉತ್ತರದಲ್ಲಿ ಈ ಒಂದು ಪರೀಕ್ಷೆಯನ್ನಾದರೂ ಹೇಳಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಎರಡು ನಿಮಿಷದ ಕೆಲಸ. ಏನೂ ಬಿಚ್ಚಬೇಕಿಲ್ಲ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ.

ಅದೇ ಕಿಟಕಿಯಲ್ಲಿ ನಮಗೆ ಕಾರಣವೂ ಸಿಕ್ಕಿತು. ಪಟ್ಟಿಯಲ್ಲಿ ಒಂದಲ್ಲ, ಎರಡು ಹೆಸರು ಇದ್ದವು! ಎರಡನೆಯದು ನಮ್ಮ ಜಾಯ್‌ಸ್ಟಿಕ್. ಮೊದಲನೆಯದು ಏನು ಅಂತ ತಲೆ ಕೆಡಿಸಿಕೊಂಡು ಕೂತಿದ್ದಾಗ ತಮ್ಮನ ಮಗಳಿಗೆ ನೆನಪಾಯಿತು. ಹಿಂದೊಮ್ಮೆ ಅವಳು ಮೊಬೈಲನ್ನೇ ಜಾಯ್‌ಸ್ಟಿಕ್ ಥರ ಬಳಸಲು ಒಂದು ತಂತ್ರಾಂಶ ಹಾಕಿದ್ದಳು. ಅದು ಕಂಪ್ಯೂಟರಿನೊಳಗೆ ಒಂದು ಹುಸಿ ಜಾಯ್‌ಸ್ಟಿಕ್ ಸೃಷ್ಟಿಸಿ ಬಿಟ್ಟಿತ್ತು. ಕೈಗೆ ಸಿಗದ, ಕಣ್ಣಿಗೆ ಕಾಣದ ಸಾಧನ ಅದು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಇದೆ. ನಮ್ಮ ಆಟ ಪಟ್ಟಿಯ ಮೊದಲನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಅಂದರೆ ಅದು ಆ ಹುಸಿ ಕೋಲಿನ ಕಡೆ ಕಿವಿಕೊಟ್ಟು ಕೂತಿತ್ತು, ತಮ್ಮ ಎಷ್ಟು ಎಳೆದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಆ ತಂತ್ರಾಂಶ ತೆಗೆದುಹಾಕಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆವು. ವಿಮಾನ ಎದ್ದಿತು.

ತೆಗೆಯಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿ ಇದೆ. ಅದೇ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಅಂತ ಒಂದು ಗುಂಡಿ ಇದೆ. ಹಳೆಯ ಆಟಗಳು ಯಾವ ಸಾಧನವನ್ನು ಬಳಸಬೇಕು ಅಂತ ಅಲ್ಲಿ ಆರಿಸಬಹುದು. ಇನ್ನೊಂದು ಸಣ್ಣ ವಿಷಯ. ಕೆಲವು ಆಟಗಳು ತೆರೆಯುವ ಹೊತ್ತಿನಲ್ಲಿ ಒಂದೇ ಸಲ ಜಾಯ್‌ಸ್ಟಿಕ್ ಹುಡುಕುತ್ತವೆ. ಆಮೇಲೆ ಸಿಕ್ಕಿಸಿದರೆ ನೋಡುವುದಿಲ್ಲ. ಆದ್ದರಿಂದ ಮೊದಲು ಜಾಯ್‌ಸ್ಟಿಕ್, ಆಮೇಲೆ ಆಟ.

ಎದ್ದ ವಿಮಾನ ಹಾರಿತು ನಿಜ. ಆದರೆ ಕೋಲು ತಿರುಚಿದರೆ ಎಂಜಿನ್ ಜೋರಾಗುತ್ತಿತ್ತು, ಲಿವರ್ ಸರಿಸಿದರೆ ಬಾಲ ತಿರುಗುತ್ತಿತ್ತು. ಇದೂ ಕೆಟ್ಟಿರುವ ಲಕ್ಷಣ ಅಲ್ಲ. ಜಾಯ್‌ಸ್ಟಿಕ್ ಆಟಕ್ಕೆ ಕಳಿಸುವುದು ಬರೀ ಸಂಖ್ಯೆ. ಒಂದನೇ ಅಕ್ಷ (ಅಂದರೆ ಕೋಲು ಅಥವಾ ಲಿವರ್ ಚಲಿಸುವ ಒಂದು ದಿಕ್ಕು) ಇಷ್ಟು, ಎರಡನೇ ಅಕ್ಷ ಇಷ್ಟು, ಐದನೇ ಗುಂಡಿ ಒತ್ತಿದೆ, ಹೀಗೆ. ಯಾವ ಅಕ್ಷ ವಿಮಾನದ ಯಾವ ಭಾಗಕ್ಕೆ ಅನ್ನುವುದನ್ನು ಆಟ ತೀರ್ಮಾನ ಮಾಡುತ್ತದೆ. ಅದು ಊಹೆ ತಪ್ಪಿದರೆ ನಾವು ಆಟದ ಕಂಟ್ರೋಲ್ಸ್ ಪುಟಕ್ಕೆ ಹೋಗಿ ಹೇಳಿಕೊಡಬೇಕು. ಲಿವರ್ ಉಲ್ಟಾ ಇದ್ದರೆ ಇನ್ವರ್ಟ್ ಅನ್ನುವ ಗುರುತು ಹಾಕಿದರೆ ಆಯಿತು. ಕೋಲನ್ನು ನಮ್ಮ ಕಡೆ ಎಳೆದರೆ ವಿಮಾನದ ಮೂತಿ ಮೇಲೇಳಬೇಕು. ನಿಜವಾದ ವಿಮಾನದಲ್ಲೂ ಹಾಗೇ. ಕೆಲವು ಆಟಗಳು ಇದನ್ನು ತಿರುಗಾಮುರುಗಾ ಇಟ್ಟಿರುತ್ತವೆ.

ನಾವು ಒಂದು ಹಾಳೆಯಲ್ಲಿ ಜಾಯ್‌ಸ್ಟಿಕ್ಕಿನ ಚಿತ್ರ ಬರೆದು ಪ್ರತಿ ಗುಂಡಿಗೂ ಅದರ ಸಂಖ್ಯೆ, ಅದರ ಕೆಲಸ ಬರೆದೆವು. ಆ ಹಾಳೆ ಈಗಲೂ ಮಾನಿಟರ್ ಪಕ್ಕದಲ್ಲಿದೆ. ಆಟ ಬದಲಾದಾಗ, ಕಂಪ್ಯೂಟರ್ ಬದಲಾದಾಗ ಅದನ್ನು ನೋಡಿ ಮತ್ತೆ ಹೊಂದಿಸುತ್ತೇವೆ.

ಆಮೇಲೆ ಬಂದ ತೊಂದರೆ ಎಲ್ಲಕ್ಕಿಂತ ಜಾಸ್ತಿ ಕಾಡಿತು. ಜಾಯ್‌ಸ್ಟಿಕ್ಕಿನ ಬುಡ ಮೇಜಿನ ಮೇಲೆ ಜಾರುತ್ತಿತ್ತು. ಎರಡು ಕೈ ಇರುವವರು ಒಂದು ಕೈಯಲ್ಲಿ ಬುಡ ಹಿಡಿದುಕೊಳ್ಳುತ್ತಾರೆ, ಅವರಿಗೆ ಅದು ತೊಂದರೆ ಅಂತಲೇ ಅನಿಸುವುದಿಲ್ಲ. ತಮ್ಮ ಎಡಕ್ಕೆ ಜೋರಾಗಿ ವಾಲಿಸಿದರೆ ಕೋಲು ವಾಲುವ ಬದಲು ಇಡೀ ಸಾಧನವೇ ಸರಿದುಹೋಗುತ್ತಿತ್ತು. ಅಡಿಯಲ್ಲಿದ್ದ ರಬ್ಬರ್ ಬಿಲ್ಲೆಗಳು ಸಾಕಾಗಲಿಲ್ಲ. ನಾನು ಪ್ರಯೋಗಶಾಲೆಯಲ್ಲಿ ಪಟ್ಟಿಯನ್ನು ಮೇಜಿನ ಅಂಚಿಗೆ ಬಿಗಿಯಲು ಬಳಸುತ್ತಿದ್ದ ಜಿ-ಕ್ಲ್ಯಾಂಪ್ ನೆನಪಾಯಿತು. ಒಂದು ದಪ್ಪ ಹಲಗೆಗೆ ಜಾಯ್‌ಸ್ಟಿಕ್ಕಿನ ಬುಡವನ್ನು ಅಗಲದ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ, ಆ ಹಲಗೆಯನ್ನು ಎರಡು ಜಿ-ಕ್ಲ್ಯಾಂಪಿನಲ್ಲಿ ಮೇಜಿಗೆ ಬಿಗಿದೆವು. ಅವತ್ತಿನಿಂದ ಅದು ಕದಲಿಲ್ಲ.

ಇನ್ನೊಂದು. ಲಿವರ್ ಸರಿಸಬೇಕಾದರೆ ತಮ್ಮ ಕೋಲನ್ನು ಬಿಡಲೇಬೇಕು, ಇರುವುದು ಒಂದೇ ಕೈ ಅಲ್ವಾ? ಬಿಟ್ಟ ತಕ್ಷಣ ಸ್ಪ್ರಿಂಗ್ ಕೋಲನ್ನು ನಡುವಿಗೆ ತರುತ್ತದೆ, ವಿಮಾನ ಮೂತಿ ತಗ್ಗಿಸುತ್ತದೆ. ಇದಕ್ಕೆ ಉತ್ತರ ವಿಮಾನದಲ್ಲೇ ಇದೆ. ಅದರ ಹೆಸರು ಟ್ರಿಮ್. ಕೈ ಬಿಟ್ಟರೂ ವಿಮಾನ ಮೂತಿಯನ್ನು ಅದೇ ಮಟ್ಟದಲ್ಲಿ ಹಿಡಿದಿರುವಂತೆ ಮಾಡುವ ಹೊಂದಾಣಿಕೆ ಅದು. ನಿಜವಾದ ಪೈಲಟ್‌ಗಳೂ ಕೈ ಸೋಲದಿರಲಿ ಅಂತ ಇದನ್ನೇ ಬಳಸುತ್ತಾರೆ. ಕೋಲಿನ ತುದಿಯಲ್ಲಿ ಹೆಬ್ಬೆರಳಿಗೆ ಸಿಗುವ ಪುಟ್ಟ ಗುಬುಟು ಇರುತ್ತದೆ. ಅದಕ್ಕೆ ಹ್ಯಾಟ್ ಅನ್ನುತ್ತಾರೆ. ಸಾಮಾನ್ಯವಾಗಿ ಅದು ಸುತ್ತಮುತ್ತ ನೋಡಲು. ನಾವು ಅದರ ಮೇಲೆ-ಕೆಳಗೆ ಚಲನೆಯನ್ನು ಟ್ರಿಮ್‌ಗೆ ಕೊಟ್ಟೆವು. ಈಗ ತಮ್ಮ ಮೊದಲು ಹೆಬ್ಬೆರಳಿನಲ್ಲಿ ಟ್ರಿಮ್ ಹೊಂದಿಸುತ್ತಾನೆ, ವಿಮಾನ ನೆಟ್ಟಗೆ ಹಾರುತ್ತಿದೆ ಅಂತ ನೋಡುತ್ತಾನೆ, ಆಮೇಲೆ ನಿಧಾನವಾಗಿ ಕೈ ಬಿಟ್ಟು ಲಿವರ್ ಸರಿಸುತ್ತಾನೆ. ಈ ಒಂದು ಬದಲಾವಣೆ ಆದ ವಾರವೇ ಅವನು ಮೊದಲ ಸಲ ಯಾರ ಸಹಾಯವೂ ಇಲ್ಲದೆ ವಿಮಾನ ಇಳಿಸಿದ.

ಕೆಲವು ತಿಂಗಳ ನಂತರ ವಿಮಾನ ತಾನಾಗಿಯೇ ಎಡಕ್ಕೆ ವಾಲತೊಡಗಿತು. ಮತ್ತೆ ಅದೇ ಕಿಟಕಿ ತೆರೆದು ನೋಡಿದೆ. ಕೋಲು ಮುಟ್ಟದಿದ್ದರೂ ಗುರುತು ನಡುವಿನಿಂದ ಸ್ವಲ್ಪ ಎಡಕ್ಕೆ ನಿಂತು ನಡುಗುತ್ತಿತ್ತು. ಈ ಸಲ ತಪ್ಪು ಕೋಲಿನಲ್ಲೇ ಇತ್ತು. ಅದು ಯಾಕೆ ಅಂತ ಹೇಳಲು ನನಗೆ ಖುಷಿ. ಯಾಕೆಂದರೆ ಇದು ನಾನು ವರ್ಷಗಟ್ಟಲೆ ಮಕ್ಕಳಿಗೆ ತೋರಿಸಿದ ವಿಷಯ. ಈ ಥರದ ಜಾಯ್‌ಸ್ಟಿಕ್ಕಿನ ಒಳಗೆ ಇರುವುದು ಪೊಟೆನ್ಷಿಯೋಮೀಟರ್. ಇಂಗಾಲದ ಪದರದ ಮೇಲೆ ಒಂದು ಲೋಹದ ಕಡ್ಡಿ ಉಜ್ಜಿಕೊಂಡು ಓಡಾಡುತ್ತದೆ. ಕಡ್ಡಿ ಎಲ್ಲಿದೆ ಅನ್ನುವುದರ ಮೇಲೆ ವೋಲ್ಟೇಜು ಬದಲಾಗುತ್ತದೆ, ಅದೇ ಕೋಲಿನ ಜಾಗ ಹೇಳುತ್ತದೆ. ಪ್ರಯೋಗಶಾಲೆಯ ರಿಯೋಸ್ಟಾಟ್‌ನಲ್ಲಿ ಜಾರುವ ಹಿಡಿ ಇರುತ್ತದಲ್ಲ, ಅದರ ತಮ್ಮನೇ ಇದು. ಉಜ್ಜಿ ಉಜ್ಜಿ ಪದರ ಸವೆಯುತ್ತದೆ, ಧೂಳು ಸೇರುತ್ತದೆ. ಕೋಲು ಹೆಚ್ಚು ಹೊತ್ತು ಇರುವುದು ನಡುವಿನಲ್ಲೇ. ಹಾಗಾಗಿ ಸವೆತವೂ ಅಲ್ಲೇ ಜಾಸ್ತಿ.

ಸವೆಯದ ಬಗೆಯೂ ಇದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಹಾಲ್ ಪರಿಣಾಮವನ್ನು ಅದರಲ್ಲಿ ಬಳಸುತ್ತಾರೆ. ಕೋಲಿನ ಬುಡದಲ್ಲಿ ಪುಟ್ಟ ಆಯಸ್ಕಾಂತ, ಅದರ ಹತ್ತಿರ ಆಯಸ್ಕಾಂತದ ಪ್ರಭಾವ ಗುರುತಿಸುವ ಒಂದು ಸಂವೇದಕ. ಒಂದಕ್ಕೊಂದು ತಾಗುವುದೇ ಇಲ್ಲ. ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಹಾಲ್ ಅನ್ನುವ ಪದ ಇದೆಯಾ ಅಂತ ನೋಡಿ.

ನಮ್ಮದಕ್ಕೆ ಮೊದಲು ಮಾಡಿದ್ದು ಕ್ಯಾಲಿಬ್ರೇಷನ್, ಅಂದರೆ ಕೋಲಿನ ನಡು ಎಲ್ಲಿ, ಅಂಚು ಎಲ್ಲಿ ಅಂತ ಕಂಪ್ಯೂಟರಿಗೆ ಹೇಳಿಕೊಡುವುದು. ಅದೇ ಕಿಟಕಿಯ ಸೆಟ್ಟಿಂಗ್ಸ್‌ನಲ್ಲಿದೆ. ಕೋಲನ್ನು ನಡುವಿನಲ್ಲಿ ಬಿಟ್ಟು ಒಮ್ಮೆ ಒತ್ತಬೇಕು, ಆಮೇಲೆ ನಾಲ್ಕೂ ಮೂಲೆಗೆ ತಾಗುವ ಹಾಗೆ ಸುತ್ತಿಸಬೇಕು. ಮೊದಲ ಸಲ ನಾವು ಅಂಚಿನವರೆಗೆ ಸುತ್ತಿಸಿರಲಿಲ್ಲ. ಆಗ ಅರ್ಧ ವಾಲಿಸಿದರೇ ಪೂರ್ತಿ ವಾಲಿದಂತೆ ಆಯಿತು, ವಿಮಾನ ಮಗುಚಿಬಿತ್ತು. ರೀಸೆಟ್ ಮಾಡಿ ಮತ್ತೆ ಶುರು ಮಾಡಿದೆವು. ಉಳಿದ ನಡುಕಕ್ಕೆ ಆಟದೊಳಗೇ ಡೆಡ್‌ಝೋನ್ ಕೊಟ್ಟೆವು. ಅಂದರೆ ನಡುವಿನ ಸುತ್ತ ಒಂದಿಷ್ಟು ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಆಟಕ್ಕೆ ಹೇಳುವುದು. ನೂರಕ್ಕೆ 5ರಷ್ಟು ಸಾಕಾಯಿತು. ಜಾಸ್ತಿ ಕೊಟ್ಟರೆ ಇಳಿಯುವಾಗ ಬೇಕಾಗುವ ಸಣ್ಣ ತಿದ್ದುಪಡಿಗಳೆಲ್ಲ ಸತ್ತುಹೋಗುತ್ತವೆ.

ಕೋಲು ಸರಿಯಿದ್ದು, ಪಟ್ಟಿಯಲ್ಲೂ ಒಂದೇ ಹೆಸರು ಇದ್ದು, ಆದರೂ ಆಟ ಗುರುತಿಸದಿದ್ದರೆ? ಅದೂ ನಮಗೆ ಬೇರೆ ಒಂದು ಆಟದಲ್ಲಿ ಆಯಿತು. ಇದು ಎರಡು ಭಾಷೆಗಳ ಕಥೆ. ವಿಂಡೋಸ್‌ನಲ್ಲಿ ಆಟಗಳು ಜಾಯ್‌ಸ್ಟಿಕ್ ಜೊತೆ ಮಾತಾಡಲು ಮೊದಲಿನಿಂದ ಇದ್ದದ್ದು ಡೈರೆಕ್ಟ್‌ಇನ್‌ಪುಟ್. ಅದರಲ್ಲಿ 8 ಅಕ್ಷ, 128 ಗುಂಡಿಗಳವರೆಗೆ ಜಾಗ ಇದೆ. 2005ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಆಟದ ಯಂತ್ರ ಎಕ್ಸ್‌ಬಾಕ್ಸ್ 360 ಬಂದಾಗ ಅದರ ಗೇಮ್‌ಪ್ಯಾಡಿಗಾಗಿ ಎಕ್ಸ್‌ಇನ್‌ಪುಟ್ ಬಂತು. ಇದರಲ್ಲಿ ಎಲ್ಲವೂ ಮೊದಲೇ ಗೊತ್ತುಮಾಡಿದ್ದು: ಎರಡು ಪುಟ್ಟ ಕೋಲು, ಎರಡು ಟ್ರಿಗರ್, ಇಂತಿಷ್ಟೇ ಗುಂಡಿ. ಆಟ ಬರೆಯುವವರಿಗೆ ಇದು ಸುಲಭ. ಆದರೆ ಎಕ್ಸ್‌ಇನ್‌ಪುಟ್ ಮಾತ್ರ ತಿಳಿದ ಆಟಕ್ಕೆ ವಿಮಾನದ ಜಾಯ್‌ಸ್ಟಿಕ್ ಮಾತಾಡಿದರೆ ಕೇಳಿಸುವುದೇ ಇಲ್ಲ. ಕೆಲವು ಗೇಮ್‌ಪ್ಯಾಡುಗಳ ಹಿಂಬದಿಯಲ್ಲಿ ಎಕ್ಸ್ ಮತ್ತು ಡಿ ಅಂತ ಬರೆದ ಪುಟ್ಟ ಸ್ವಿಚ್ ಇರುತ್ತದೆ. ಅದು ಈ ಎರಡು ಭಾಷೆಗಳ ನಡುವೆ ಬದಲಾಯಿಸಲು. ಆ ಸ್ವಿಚ್ ಇಲ್ಲದಿದ್ದರೆ ನಡುವೆ ಒಬ್ಬ ದುಭಾಷಿ ಬೇಕು. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯ ಮೂಲಕ ಆಡುವ ಆಟವಾದರೆ ಅದರ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲೇ ಆ ಸೌಕರ್ಯ ಇದೆ. ಇಲ್ಲದಿದ್ದರೆ ಎಕ್ಸ್360ಸಿಇ ಅನ್ನುವ ಉಚಿತ ತಂತ್ರಾಂಶ ಇದೆ.

ಜಾಯ್‌ಸ್ಟಿಕ್ ಚಲನೆಯನ್ನು ಕೀಬೋರ್ಡ್ ಒತ್ತಿದಂತೆ ತೋರಿಸುವ ಆಂಟಿಮೈಕ್ರೋಎಕ್ಸ್ ಥರದ ತಂತ್ರಾಂಶಗಳೂ ಇವೆ. ಆದರೆ ಕೀಲಿ ಅಂದರೆ ಒತ್ತಿದೆ ಅಥವಾ ಒತ್ತಿಲ್ಲ, ಎರಡೇ. ಸ್ವಲ್ಪ ವಾಲಿಸು ಅನ್ನುವ ಮಾತು ಅದರಲ್ಲಿ ಇಲ್ಲ. ಕಾರು, ವಿಮಾನದ ಆಟಕ್ಕೆ ಅದು ಕೊನೆಯ ದಾರಿ.

ಪ್ರಶ್ನೆ ಕೇಳಿದ ಓದುಗರ ಜಾಯ್‌ಸ್ಟಿಕ್ ಯುಎಸ್‌ಬಿಯದೇ ಇರಬೇಕು ಅಂದುಕೊಂಡಿದ್ದೇನೆ. ಇನ್ನೂ ಹಳೆಯದಾಗಿದ್ದರೆ, 15 ಪಿನ್ನಿನ ಅಗಲದ ತುದಿ ಇದ್ದರೆ, ಮಾತು ಬೇರೆ. ಅದು ಗೇಮ್ ಪೋರ್ಟಿನದು, ಅಂದರೆ ಹಳೆಯ ಕಂಪ್ಯೂಟರುಗಳಲ್ಲಿ ಜಾಯ್‌ಸ್ಟಿಕ್ ಸಿಕ್ಕಿಸಲು ಇದ್ದ ಜಾಗದ್ದು. 1981ರ ಐಬಿಎಂ ಪಿಸಿ ಕಾಲದಿಂದ ಬಂದದ್ದು. ಕೋಲಿನೊಳಗಿನ ರೋಧದ ಮೂಲಕ ಒಂದು ಕೆಪಾಸಿಟರ್ ತುಂಬಲು ಎಷ್ಟು ಹೊತ್ತು ಬೇಕು ಅಂತ ಅಳೆದು ಕೋಲಿನ ಜಾಗ ತಿಳಿಯುತ್ತಿದ್ದರು. ಎಷ್ಟು ಚೆಂದದ ಉಪಾಯ! ವಿಂಡೋಸ್ ವಿಸ್ಟಾ ಬಂದಾಗ ಈ ಪೋರ್ಟಿನ ಬೆಂಬಲ ನಿಂತಿತು. ಯುಎಸ್‌ಬಿಗೆ ಬದಲಾಯಿಸುವ ಅಡಾಪ್ಟರ್‌ಗಳು ಇವೆ, ಎಲ್ಲ ಕೋಲುಗಳೂ ಅದರಲ್ಲಿ ಓಡುವುದಿಲ್ಲ.

ಸಂಪಾದಕರೇ, ಇಷ್ಟೆಲ್ಲ ಬರೆದದ್ದು ನಿಮ್ಮ ಅಂಕಣಕಾರರ ತಪ್ಪು ಹಿಡಿಯಲಿಕ್ಕಲ್ಲ. ನನಗೆ ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಪುಟದಲ್ಲಿ ಹೊಸ ಆಟಗಳ ವಿಮರ್ಶೆ ಬರುತ್ತದೆ. ಚಿತ್ರ ಹೇಗಿದೆ, ಕಥೆ ಹೇಗಿದೆ, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತೆಲ್ಲ ಬರೆಯುತ್ತೀರಿ. ಅದರ ಜೊತೆ ಒಂದು ಸಾಲು ಸೇರಿಸಿ: ಈ ಆಟ ಯಾವ ಯಾವ ಸಾಧನವನ್ನು ಗುರುತಿಸುತ್ತದೆ, ಎಲ್ಲ ಗುಂಡಿಗಳನ್ನೂ ಆಡುವವರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದಾ ಇಲ್ಲವಾ. ಎರಡು ಕೈ, ಹತ್ತು ಬೆರಳು ಇರುವವರಿಗೆ ಆ ಸಾಲು ಮುಖ್ಯ ಅನ್ನಿಸದೇ ಇರಬಹುದು. ನಮ್ಮ ಮನೆಯಲ್ಲಿ ವಿಮರ್ಶೆಯಲ್ಲಿ ಮೊದಲು ಹುಡುಕುವುದೇ ಅದನ್ನು. ಈ ಮಾತಿನಲ್ಲಿ ನಾವು ಒಬ್ಬರೇ ಅಲ್ಲ. 2018ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ನನ್ನ ತಮ್ಮನಂಥವರಿಗಾಗಿಯೇ ಮಾಡಿದ್ದು. ಅದರ ಹಿಂಬದಿಯಲ್ಲಿ ಹೊರಗಿನ ಸ್ವಿಚ್ಚು, ಪೆಡಲ್ ಸಿಕ್ಕಿಸಲು 19 ರಂಧ್ರಗಳಿವೆ. ಬದಿಗಳಲ್ಲಿ ಯುಎಸ್‌ಬಿ ಜಾಯ್‌ಸ್ಟಿಕ್‌ಗೆ ಎರಡು ಜಾಗ ಇದೆ. ಗಲ್ಲದಿಂದ ಒತ್ತುವವರು, ಕಾಲಿನಿಂದ ತಳ್ಳುವವರು ಅದರಲ್ಲಿ ಆಡುತ್ತಾರೆ. ಆದರೆ ಆಟದೊಳಗೆ ಗುಂಡಿ ಬದಲಾಯಿಸಲು ಅವಕಾಶ ಇಲ್ಲದಿದ್ದರೆ ಎಂಥ ಸಾಧನ ತಂದರೂ ಅದರ ಪೂರ್ತಿ ಉಪಯೋಗ ಸಿಗುವುದಿಲ್ಲ.

ವಿಮಾನದ ಆಟಗಳಲ್ಲಿ ಫ್ಲೈಟ್‌ಗಿಯರ್ ಅಂತ ಒಂದಿದೆ. ಪೂರ್ತಿ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಅದರಲ್ಲಿ ಪ್ರತಿ ಜಾಯ್‌ಸ್ಟಿಕ್ಕಿಗೂ ಒಂದು ಸಣ್ಣ ಕಡತ ಇರುತ್ತದೆ. ಯಾವ ಅಕ್ಷ ಏನು ಮಾಡಬೇಕು ಅಂತ ಅದನ್ನು ತೆರೆದು ನಾವೇ ತಿದ್ದಬಹುದು. ನಾನು ಅಕ್ಷ, ಡೆಡ್‌ಝೋನ್ ಎಲ್ಲ ಕಲಿತದ್ದು ಆ ಕಡತ ಓದುತ್ತಾ. ಜಾಯ್‌ಸ್ಟಿಕ್ ಪರೀಕ್ಷೆ ಮಾಡಲು ಆಟ ಬೇಕು ಅನ್ನುವವರಿಗೆ ಮೊದಲು ಅದನ್ನೇ ಹೇಳುತ್ತೇನೆ.

ಇನ್ನು ಆ ಓದುಗರಿಗೆ. ದಯವಿಟ್ಟು ಹೊಸದು ಕೊಳ್ಳುವ ಮೊದಲು ನಾನು ಹೇಳಿದ ಆ ಕಿಟಕಿ ತೆರೆದು ನೋಡಿ. ಪಟ್ಟಿಯಲ್ಲಿ ಎಷ್ಟು ಹೆಸರು ಇವೆ, ಕೋಲು ಅಲುಗಿಸಿದರೆ ಗುರುತು ಓಡಾಡುತ್ತದಾ, ಯಾವ ಆಟ ಅಂತ ಇದೇ ಪುಟಕ್ಕೆ ಬರೆದು ತಿಳಿಸಿ. ಮುಂದಿನದನ್ನು ನಾನೂ ತಮ್ಮನೂ ಕೂತು ನೋಡಿ ಹೇಳುತ್ತೇವೆ.

ಇತಿ,
ನಿವೃತ್ತ ಭೌತಶಾಸ್ತ್ರ ಶಿಕ್ಷಕಿ